ಅನ್ನ, ಆಳ್ವಿಕೆ ಮತ್ತು ಬಂಡಾಯ: ‘ದ ಹಂಗರ್ ಗೇಮ್ಸ್’ ಕಾದಂಬರಿ ತ್ರಿವಳಿಯಲ್ಲಿ ವರ್ಗವಿಭಜನೆಯ ಸ್ವರೂಪ

ಪೀಠಿಕೆ

1516ರಲ್ಲಿ ಪ್ರಕಟವಾದ ಥಾಮಸ್ ಮೋರ್‌ನ ‘ಯುಟೋಪಿಯ’ ಕೃತಿಯು ಆದರ್ಶ ರಾಜ್ಯದ ಕಲ್ಪನೆಗೆ ಒಂದು ಹೆಸರನ್ನು ಒದಗಿಸಿತು. ಅದರ ವಿಲೋಮ ರೂಪವೇ ‘ಡಿಸ್ಟೋಪಿಯ’. ತನ್ನ ಕಾಲದ ಕೇಡುಗಳು ಹೀಗೆಯೇ ಬೆಳೆದರೆ ಮುಂದೆ ಎಂತಹ ವ್ಯವಸ್ಥೆ ರೂಪುಗೊಂಡೀತು ಎಂಬುದನ್ನು ಊಹಿಸಿ ತೋರಿಸುವುದು ಈ ಪ್ರಕಾರದ ಮುಖ್ಯ ಲಕ್ಷಣ. ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಹಾಗೂ ಜಾರ್ಜ್ ಆರ್ವೆಲ್‌ನ ‘ನೈನ್‌ಟೀನ್ ಎಯ್ಟಿಫೋರ್’ (1949) ಇದರ ಪ್ರಸಿದ್ಧ ನಿದರ್ಶನಗಳು. 21ನೆಯ ಶತಮಾನದಲ್ಲಿ ಈ ಪ್ರಕಾರವು ಹದಿಹರೆಯದ ಓದುಗರನ್ನು ಉದ್ದೇಶಿಸಿ ಹೊಸ ರೂಪ ತಾಳಿತು. ಅಮೆರಿಕದ ಲೇಖಕಿ ಸುಝೇನ್ ಕಾಲಿನ್ಸ್ ಅವರ ‘ದ ಹಂಗರ್ ಗೇಮ್ಸ್’ (2008), ‘ಕ್ಯಾಚಿಂಗ್ ಫೈರ್’ (2009) ಮತ್ತು ‘ಮಾಕಿಂಗ್‌ಜೇ’ (2010) ಎಂಬ ಮೂರು ಕಾದಂಬರಿಗಳು ಈ ಧಾರೆಯಲ್ಲಿ ಪ್ರಮುಖವಾದವು.

ಹರೆಯದವರ ಜನಪ್ರಿಯ ಓದು ಎಂಬ ಕಾರಣಕ್ಕೆ ಇಂತಹ ಕೃತಿಗಳನ್ನು ಗಂಭೀರ ವಿಮರ್ಶೆಯ ಹೊರಗಿಡುವುದುಂಟು. ಓದಿದವರೂ ಕ್ರೂರ ರಾಜಧಾನಿ, ಬಡ ಜಿಲ್ಲೆಗಳು, ಧೀರ ಬಾಲಕಿ ಎಂಬ ಸರಳ ಸೂತ್ರಕ್ಕೆ ಇವನ್ನು ಇಳಿಸುವುದುಂಟು. ಆದರೆ ಈ ತ್ರಿವಳಿಯಲ್ಲಿ ವರ್ಗವಿಭಜನೆಯು ಉಳ್ಳವರು ಮತ್ತು ಇಲ್ಲದವರ ನಡುವಿನ ಒಂದೇ ಗೆರೆಯಲ್ಲ. ಇಲ್ಲದವರ ನಡುವೆಯೇ ಅನ್ನದ ಮೂಲಕ ಎಳೆಯಲಾದ ಹಲವು ಗೆರೆಗಳು. ಬಂಡಾಯ ಆರಂಭವಾಗುವುದೂ ಅದೇ ಅನ್ನವು ಆ ಗೆರೆಗಳನ್ನು ದಾಟಿದಾಗ. ಈ ವಿಚಾರವನ್ನು ಕೃತಿಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥಾವಸ್ತು ಮತ್ತು ಅದರ ಮೂಲಗಳು

ಉತ್ತರ ಅಮೆರಿಕದ ಅವಶೇಷಗಳ ಮೇಲೆ ಕಟ್ಟಿದ ‘ಪ್ಯಾನೆಮ್’ ಈ ಕಾದಂಬರಿಗಳ ಕಲ್ಪಿತ ದೇಶ. ನಡುವೆ ವೈಭವದ ರಾಜಧಾನಿ ‘ಕ್ಯಾಪಿಟಲ್’. ಅದನ್ನು ಪೋಷಿಸಲು 12 ಜಿಲ್ಲೆಗಳು. ಹಿಂದೊಮ್ಮೆ ಜಿಲ್ಲೆಗಳು ದಂಗೆಯೆದ್ದುದಕ್ಕೆ ದಂಡವಾಗಿ ಪ್ರತಿವರ್ಷ ಒಂದೊಂದು ಜಿಲ್ಲೆಯಿಂದ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿಯೆತ್ತಿ ಆರಿಸಲಾಗುತ್ತದೆ. ಆ 24 ಮಂದಿಯನ್ನು ಕಣಕ್ಕೆ ಬಿಟ್ಟು, ಒಬ್ಬರು ಮಾತ್ರ ಉಳಿಯುವವರೆಗೆ ಪರಸ್ಪರ ಕೊಲ್ಲಿಸಿ, ಅದನ್ನು ದೂರದರ್ಶನದಲ್ಲಿ ಪ್ರಸಾರ ಮಾಡಲಾಗುತ್ತದೆ. ಗಣಿಗಾರಿಕೆಯ 12ನೆಯ ಜಿಲ್ಲೆಯ 16 ವರ್ಷದ ಕ್ಯಾಟ್ನಿಸ್ ಎವರ್ಡೀನ್ ತನ್ನ ತಂಗಿ ಪ್ರಿಮ್‌ಳ ಬದಲಿಗೆ ಈ ಕಣಕ್ಕಿಳಿಯುತ್ತಾಳೆ. ಕಥೆಯ ನಿರೂಪಕಿಯೂ ಅವಳೇ.

ಅಥೆನ್ಸಿನ ತರುಣ ತರುಣಿಯರನ್ನು ಮಿನೊಟಾರ್‌ಗೆ ಬಲಿ ಕಳುಹಿಸುವ ಗ್ರೀಕ್ ಪುರಾಣಕಥೆಯಿಂದಲೂ, ದೂರದರ್ಶನದಲ್ಲಿ ಸ್ಪರ್ಧಾ ಕಾರ್ಯಕ್ರಮ ಮತ್ತು ಇರಾಕ್ ಯುದ್ಧದ ದೃಶ್ಯಗಳನ್ನು ಒಂದರ ಹಿಂದೊಂದು ಕಂಡ ಅನುಭವದಿಂದಲೂ ಈ ವಸ್ತು ಹುಟ್ಟಿತೆಂದು ಲೇಖಕಿ ಹೇಳಿದ್ದಾರೆ. ಕನ್ನಡ ಓದುಗರಿಗೆ ಇಲ್ಲಿ ಏಕಚಕ್ರಪುರದ ಬಕಾಸುರನ ಕಥೆ ನೆನಪಾಗುವುದು ಸಹಜ. ಆದರೆ ಅಲ್ಲಿ ಬಲಿಯು ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತದೆ. ಇಲ್ಲಿ ಅದು ಚೀಟಿಯ ಮೇಲೆ ಬರುತ್ತದೆ. ಈ ವ್ಯತ್ಯಾಸದಲ್ಲಿಯೇ ಕಾದಂಬರಿಯ ವರ್ಗಚಿಂತನೆ ಅಡಗಿದೆ.

ಚೀಟಿಯ ಲೆಕ್ಕ

ಚೀಟಿಯೆತ್ತುವುದು ಮೇಲ್ನೋಟಕ್ಕೆ ಎಲ್ಲರನ್ನೂ ಸಮಾನವಾಗಿ ಕಾಣುವ ಕ್ರಮ. 12ನೆಯ ವಯಸ್ಸಿಗೆ ಒಂದು ಚೀಟಿ. ವರ್ಷಕ್ಕೊಂದರಂತೆ ಕೂಡುತ್ತ 18ನೆಯ ವಯಸ್ಸಿಗೆ ಏಳು. ಆದರೆ ಇದಕ್ಕೆ ‘ಟೆಸರಾ’ ಎಂಬ ಉಪನಿಯಮವೊಂದಿದೆ. ಹೆಸರನ್ನು ಇನ್ನೊಂದು ಬಾರಿ ಸೇರಿಸಲು ಒಪ್ಪಿದರೆ ಒಬ್ಬರಿಗೆ ಒಂದು ವರ್ಷಕ್ಕೆ ಅಲ್ಪಸ್ವಲ್ಪ ಧಾನ್ಯ ಮತ್ತು ಎಣ್ಣೆ ದೊರೆಯುತ್ತದೆ. ಮನೆಯ ಪ್ರತಿಯೊಬ್ಬರ ಪಾಲಿಗೂ ಹೀಗೆ ಪಡೆಯಬಹುದು. ಸೇರಿದ ಚೀಟಿಗಳು ಮುಂದಿನ ವರ್ಷಕ್ಕೂ ಉಳಿಯುತ್ತವೆ.

ತಂದೆಯನ್ನು ಗಣಿಯಲ್ಲಿ ಕಳೆದುಕೊಂಡ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆ ಎಂದು ಮೂರು ಟೆಸರಾ ಪಡೆಯುತ್ತಾಳೆ. ವರ್ಷಕ್ಕೆ ನಾಲ್ಕು ಚೀಟಿಗಳಂತೆ ಐದನೆಯ ವರ್ಷಕ್ಕೆ ಅವಳ ಹೆಸರಿನ 20 ಚೀಟಿಗಳಾಗುತ್ತವೆ. ಐದು ಮಂದಿಯ ಸಂಸಾರ ಹೊತ್ತ ಅವಳ ಗೆಳೆಯ ಗೇಲ್‌ನದು ವರ್ಷಕ್ಕೆ ಆರು. ಏಳನೆಯ ವರ್ಷಕ್ಕೆ 42. ಹೊಟ್ಟೆ ತುಂಬಿದ ಮನೆಯ 18ರ ಹುಡುಗನಿಗೆ ಏಳೇ ಚೀಟಿ. ಹಸಿವು ಸಾವಿನ ಸಾಧ್ಯತೆಯನ್ನು ಇಲ್ಲಿ ನೇರವಾಗಿ ಆರು ಪಟ್ಟು ಹೆಚ್ಚಿಸುತ್ತದೆ. ಯಾರೂ ಬಲವಂತ ಮಾಡಿಲ್ಲ. ಆಯ್ಕೆ ಅವನದೇ ಎಂದು ವ್ಯವಸ್ಥೆ ಹೇಳಬಲ್ಲದು. ದಮನವನ್ನು ಸ್ವಂತ ಇಚ್ಛೆಯ ವ್ಯವಹಾರವನ್ನಾಗಿ ತೋರಿಸುವ ಈ ಕೌಶಲವೇ ಸೈನ್ಯಕ್ಕಿಂತ ದೊಡ್ಡ ಆಯುಧ. ಈ ಲೆಕ್ಕವನ್ನೆಲ್ಲ ಮುಂದಿಟ್ಟ ಮೇಲೆ, ಒಂದೇ ಚೀಟಿಯಿದ್ದ ಪ್ರಿಮ್‌ಳ ಹೆಸರೇ ಎದ್ದುಬರುವುದು ಗಮನಾರ್ಹ. ತಂಗಿಗೆ ಟೆಸರಾ ಪಡೆಯಲು ಬಿಡದೆ ಅಕ್ಕ ಕಾಪಾಡಿದ್ದಳು. ಕುಟುಂಬವೊಂದು ತನ್ನಷ್ಟಕ್ಕೆ ಮಾಡಿಕೊಳ್ಳುವ ರಕ್ಷಣೆ ಇಂತಹ ವ್ಯವಸ್ಥೆಯಲ್ಲಿ ಸಾಲದು ಎಂಬುದನ್ನು ಆ ಒಂದು ಚೀಟಿ ತಿಳಿಸುತ್ತದೆ.

ಶ್ರೇಣೀಕೃತ ಅಸಮಾನತೆ

12ನೆಯ ಜಿಲ್ಲೆಯೊಳಗೇ ಎರಡು ಪದರಗಳಿವೆ: ‘ಸೀಮ್’ ಎಂಬ ಕೇರಿಯ ಗಣಿಕಾರ್ಮಿಕರು ಮತ್ತು ಪೇಟೆಯ ವರ್ತಕರು. ಮೈಬಣ್ಣ, ಕಣ್ಣಿನ ಬಣ್ಣಗಳಿಂದಲೇ ಇವರನ್ನು ಗುರುತಿಸಬಹುದು. ಮೇಯರನ ಮಗಳು ಮ್ಯಾಜ್‌ಳ ಮೇಲೆ ಗೇಲ್ ಹರಿಹಾಯುವ ಪ್ರಸಂಗದಲ್ಲಿ ಈ ಬಿರುಕು ಬಯಲಾಗುತ್ತದೆ. ಹಸಿದವರಿಗೆ ಉಂಡವರ ಮೇಲೆ ದ್ವೇಷ ಹುಟ್ಟಿಸಿ ಅವರು ಎಂದೂ ಒಂದಾಗದಂತೆ ಮಾಡುವುದೇ ಟೆಸರಾದ ಉದ್ದೇಶವೆಂಬುದು ಗೇಲ್‌ಗೆ ಗೊತ್ತು. ಆದರೂ ಅವನ ಸಿಟ್ಟು ತಿರುಗುವುದು ಮ್ಯಾಜ್‌ಳತ್ತಲೇ. ಇತ್ತ ಅನುಕೂಲಸ್ಥರೆಂದು ಸೀಮ್‌ನವರು ಭಾವಿಸುವ ಬೇಕರಿಯವರು ಮಾರಾಟವಾಗದ ಒಣಬ್ರೆಡ್ಡನ್ನು ತಿಂದು ಬದುಕುತ್ತಾರೆ. ಜಿಲ್ಲೆ ಜಿಲ್ಲೆಗಳ ನಡುವೆಯೂ ಇದೇ ಏಣಿಯಿದೆ. 1, 2 ಮತ್ತು 4ನೆಯ ಜಿಲ್ಲೆಗಳ ಮಕ್ಕಳು ಮೊದಲೇ ತರಬೇತಿ ಪಡೆದು ಸ್ವಇಚ್ಛೆಯಿಂದ ಕಣಕ್ಕೆ ಬಂದರೆ, ದೇಶಕ್ಕೆ ಅನ್ನ ಬೆಳೆಯುವ 11ನೆಯ ಜಿಲ್ಲೆಯಲ್ಲಿ ಬೆಳೆಯನ್ನು ಬಾಯಿಗಿಟ್ಟುಕೊಂಡವರಿಗೆ ಚಾಟಿಯೇಟು ಬೀಳುತ್ತದೆ.

ಈ ರಚನೆಯನ್ನು ಗ್ರಹಿಸಲು ಡಾ. ಬಿ. ಆರ್. ಅಂಬೇಡ್ಕರ್ ಅವರ ‘ಶ್ರೇಣೀಕೃತ ಅಸಮಾನತೆ’ ಎಂಬ ಪರಿಕಲ್ಪನೆ ನೆರವಾಗುತ್ತದೆ. ಪ್ರತಿಯೊಂದು ಮೆಟ್ಟಿಲಿನವರಿಗೂ ತಮಗಿಂತ ಕೆಳಗೆ ಇನ್ನೊಬ್ಬರಿದ್ದಾರೆಂಬ ಸಮಾಧಾನವಿರುವುದರಿಂದ ಒಟ್ಟಾದ ಹೋರಾಟ ಅಸಾಧ್ಯವಾಗುತ್ತದೆ ಎಂಬ ವಿಚಾರವನ್ನು ಅವರು ‘ಜಾತಿ ವಿನಾಶ’ದಲ್ಲಿ (1936) ಮಂಡಿಸಿದ್ದಾರೆ. ಜಾತಿ ಮತ್ತು ವರ್ಗ ಒಂದೇ ಅಲ್ಲ. ಕಾಲಿನ್ಸ್ ಜಾತಿಯನ್ನು ಕುರಿತು ಬರೆದಿಲ್ಲವೆಂಬುದೂ ನಿಜ. ಆದರೂ ಹುಟ್ಟಿದ ಜಿಲ್ಲೆಯೇ ಕಸುಬನ್ನು ನಿರ್ಧರಿಸುವ, ಜಿಲ್ಲೆಯನ್ನು ದಾಟಲು ಅವಕಾಶವೇ ಇಲ್ಲದ ಪ್ಯಾನೆಮ್‌ನ ವ್ಯವಸ್ಥೆಗೆ ‘ವರ್ಗ’ ಎಂಬ ಒಂದೇ ಮಾನದಂಡ ಸಾಲದು. ಪಾಶ್ಚಾತ್ಯ ಪರಿಭಾಷೆಯನ್ನು ಹಾಗೆಯೇ ಒಪ್ಪಿಕೊಳ್ಳದೆ ನಮ್ಮ ಚಿಂತನೆಯ ಬೆಳಕಿನಲ್ಲಿ ಓದಲು ಇಲ್ಲಿ ಆಸ್ಪದವಿದೆ.

ಗೆರೆ ದಾಟುವ ಬ್ರೆಡ್ಡು

‘ಪ್ಯಾನೆಮ್’ ಎಂಬ ಹೆಸರಿನ ಅರ್ಥವೇ ಬ್ರೆಡ್ಡು. ಅನ್ನ ಮತ್ತು ಆಟಗಳಿಗೆ ತಮ್ಮ ಅಧಿಕಾರವನ್ನು ಒಪ್ಪಿಸಿಬಿಟ್ಟ ರೋಮಿನ ಜನರನ್ನು ಕುರಿತು ಕವಿ ಜುವೆನಲ್ ಆಡಿದ ವ್ಯಂಗ್ಯದಿಂದ ಬಂದ ಹೆಸರಿದು. ಕ್ಯಾಪಿಟಲ್‌ಗೆ ಬ್ರೆಡ್ಡು ಆಳುವ ಸಾಧನ. ಜಿಲ್ಲೆಗಳಲ್ಲಿ ಅದರ ಅರ್ಥ ಹಂತಹಂತವಾಗಿ ಬದಲಾಗುತ್ತದೆ.

ಮೊದಲನೆಯದು ಬಾಲ್ಯದ ಪ್ರಸಂಗ. ಹಸಿವಿನಿಂದ ಕುಸಿದ 11ರ ಕ್ಯಾಟ್ನಿಸ್‌ಳಿಗಾಗಿ ಬೇಕರಿಯವನ ಮಗ ಪೀಟಾ ಬ್ರೆಡ್ಡನ್ನು ಬೇಕೆಂದೇ ಸುಟ್ಟು, ತಾಯಿಯಿಂದ ಹೊಡೆತ ತಿಂದು, ಎರಡು ಬ್ರೆಡ್ಡುಗಳನ್ನು ಅವಳತ್ತ ಎಸೆಯುತ್ತಾನೆ. ಪೇಟೆಯಿಂದ ಕೇರಿಗೆ ಅನ್ನ ದಾಟುವುದು ಅಲ್ಲಿ. ಎರಡನೆಯದು ಕಣದ ಪ್ರಸಂಗ. 11ನೆಯ ಜಿಲ್ಲೆಯ 12 ವರ್ಷದ ರೂ ಸತ್ತಾಗ ಕ್ಯಾಟ್ನಿಸ್ ಅವಳ ದೇಹವನ್ನು ಹೂಗಳಿಂದ ಸಿಂಗರಿಸುತ್ತಾಳೆ. ಅನಂತರ ಆ ಜಿಲ್ಲೆಯ ಜನ ತಮ್ಮ ಊರಿನ ಬ್ರೆಡ್ಡನ್ನು ಅವಳಿಗೆ ಕಳುಹಿಸುತ್ತಾರೆ. ಅರೆಹೊಟ್ಟೆಯವರು ತಮ್ಮ ಮಗುವಿಗಾಗಿ ಕೂಡಿಸಿದ್ದನ್ನು ಪರಜಿಲ್ಲೆಯವಳಿಗೆ ಕೊಡುವ ಈ ಕ್ರಿಯೆ ಯಾವ ಘೋಷಣೆಗಿಂತಲೂ ದೊಡ್ಡ ರಾಜದ್ರೋಹ. ಮೂರನೆಯದು ‘ಕ್ಯಾಚಿಂಗ್ ಫೈರ್’ನಲ್ಲಿ ಬರುತ್ತದೆ. ಕಣಕ್ಕೆ ಬಂದ 3ನೆಯ ಜಿಲ್ಲೆಯ 24 ಬ್ರೆಡ್ಡುಗಳು, ಮೂರನೆಯ ದಿನದ 24ನೆಯ ಗಂಟೆಗೆ ಬಿಡುಗಡೆ ಎಂಬ ಗುಪ್ತಸಂಕೇತವಾಗಿರುತ್ತವೆ. ಕರುಣೆಯಾಗಿ ಆರಂಭವಾದದ್ದು ಕೃತಜ್ಞತೆಯಾಗಿ, ಕೊನೆಗೆ ಬಂಡಾಯದ ಭಾಷೆಯೇ ಆಗುತ್ತದೆ.

ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಇರುಳಿಡೀ ಕಡಲೆಕಾಯಿ ತಿನ್ನುವ ಸನ್ನಿವೇಶವನ್ನು ಬಲ್ಲ ನಮಗೆ, ಉಣ್ಣುವ ಕ್ರಿಯೆಯೇ ಪ್ರತಿರೋಧವಾಗಬಲ್ಲದೆಂಬುದು ಹೊಸತಲ್ಲ.

ಗೆದ್ದವರ ತಟ್ಟೆ

ತ್ರಿವಳಿಯ ನಿಜವಾದ ಶಕ್ತಿಯಿರುವುದು ಬಂಡಾಯವನ್ನೂ ಅದೇ ಒರೆಗಲ್ಲಿಗೆ ಹಚ್ಚುವಲ್ಲಿ. ನಾಶವಾಯಿತೆಂದು ನಂಬಿಸಲಾಗಿದ್ದ 13ನೆಯ ಜಿಲ್ಲೆ ಬಂಡಾಯದ ನೆಲೆ. ಅಲ್ಲಿ ಅಂದಗಾರರು ಹೆಚ್ಚಿಗೆ ಬ್ರೆಡ್ಡು ತೆಗೆದುಕೊಂಡ ತಪ್ಪಿಗೆ ಸಂಕೋಲೆಯಲ್ಲಿ ಬಿದ್ದಿರುವುದನ್ನು ಕ್ಯಾಟ್ನಿಸ್ ಕಾಣುತ್ತಾಳೆ. ಅಳೆದು ಕೊಡುವ ಕೈ ಬದಲಾಗಿದೆ; ಅನ್ನದ ಮೂಲಕ ಆಳುವುದು ಬದಲಾಗಿಲ್ಲ. ಗೆದ್ದ ಮೇಲೆ ಅಧ್ಯಕ್ಷೆ ಕಾಯಿನ್ ಕ್ಯಾಪಿಟಲ್‌ನ ಮಕ್ಕಳನ್ನೇ ಕಣಕ್ಕಿಳಿಸುವ ಕೊನೆಯ ಆಟವೊಂದನ್ನು ಸೂಚಿಸುತ್ತಾಳೆ. ಮತದಲ್ಲಿ ಅದಕ್ಕೆ ಒಪ್ಪಿಗೆ ನೀಡಿದ ಕ್ಯಾಟ್ನಿಸ್, ಅನಂತರ ಬಾಣವನ್ನು ಕಾಯಿನ್‌ಳತ್ತಲೇ ತಿರುಗಿಸುತ್ತಾಳೆ.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ಎಲ್ಲವೂ ಕ್ಯಾಟ್ನಿಸ್‌ಳ ಕಣ್ಣಿನಿಂದಲೇ ಬರುವುದರಿಂದ, ಮತ್ತು ಅವಳಿಗೆ ಬಹಳಷ್ಟನ್ನು ಮುಚ್ಚಿಡಲಾಗಿರುವುದರಿಂದ, ಜಿಲ್ಲೆಗಳ ಕಾರ್ಮಿಕರು ಹೇಗೆ ಸಂಘಟಿತರಾದರು ಎಂಬುದು ತೆರೆಮರೆಯಲ್ಲೇ ಉಳಿಯುತ್ತದೆ. ಸಮೂಹದ ಬಂಡಾಯವು ಒಬ್ಬಳ ಮುಖವನ್ನು ಪಡೆಯುವ ಅಪಾಯವೂ ಇದೆ. ಆದರೆ ಆ ಮುಖವನ್ನು ಎರಡೂ ಪಕ್ಷಗಳು ಬಳಸಿಕೊಳ್ಳುವ ಬಗೆಯನ್ನು ಕಾದಂಬರಿಯೇ ಪ್ರಶ್ನಿಸುತ್ತದೆ ಎಂಬುದನ್ನು ಮರೆಯಲಾಗದು.

ಸಮಾರೋಪ

ಈ ಕಾದಂಬರಿಗಳಲ್ಲಿ ಬರುವ ಮೂರು ಬೆರಳೆತ್ತುವ ವಂದನೆಯನ್ನು 2014ರ ಸೈನಿಕ ಕ್ರಾಂತಿಯ ನಂತರ ಥಾಯ್ಲೆಂಡಿನಲ್ಲಿ, 2021ರಲ್ಲಿ ಮ್ಯಾನ್ಮಾರಿನಲ್ಲಿ ಪ್ರತಿಭಟನಕಾರರು ಬಳಸಿದರು. ಹರೆಯದವರ ಓದು ಬೀದಿಗಿಳಿದ ಈ ಸಂಗತಿಯಾದರೂ ವಿಮರ್ಶೆಯು ಇತ್ತ ಗಮನ ಹರಿಸುವಂತೆ ಮಾಡಬೇಕು.

ಒಟ್ಟಾರೆಯಾಗಿ ಹೇಳುವುದಾದರೆ, ಅಸಮಾನತೆಯು ಉಳಿಯುವುದು ಮೇಲಿನವರ ಬಲದಿಂದಷ್ಟೇ ಅಲ್ಲ, ಕೆಳಗಿನವರ ನಡುವಿನ ಅಪನಂಬಿಕೆಯಿಂದ ಎಂಬುದನ್ನು ಈ ತ್ರಿವಳಿ ಚೀಟಿಯ ಲೆಕ್ಕದಲ್ಲಿ ಸಿದ್ಧಪಡಿಸುತ್ತದೆ. ಆ ಅಪನಂಬಿಕೆ ಒಡೆಯುವ ಬಗೆಯನ್ನು ಬ್ರೆಡ್ಡಿನಲ್ಲಿ ತೋರಿಸುತ್ತದೆ. ಅಧಿಕಾರಕ್ಕೆ ಬಂದ ಬಂಡಾಯ ಹಸಿದವರ ಕೈಗೆ ಅನ್ನವನ್ನು ಹೇಗೆ ಕೊಡುತ್ತದೆ ಎಂಬುದೇ ಅದರ ನಿಜವಾದ ಪರೀಕ್ಷೆ. ಬಂಡಾಯವನ್ನು ಕುರಿತ ನಮ್ಮ ಅಧ್ಯಯನಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.