ಒಕ್ಕಲುತನದ ಕಾಯಕವೂ ದಾಸೋಹದ ಧರ್ಮವೂ

ಶರಣರು ಕಾಯಕಗಳಲ್ಲಿ ಮೇಲುಕೀಳೆಂಬ ಭೇದವನ್ನೆಣಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಒಕ್ಕಲಿಗ ಮುದ್ದಣ್ಣನಂಥವರು ನೇಗಿಲು ಹಿಡಿದೇ ಶಿವನನ್ನೊಲಿಸಿದರು. ಸತ್ಯಶುದ್ಧವಾದ ಕಾಯಕ, ಅದರಿಂದ ಬಂದುದರಲ್ಲಿ ದಾಸೋಹ. ಇದೇ ಭಕ್ತನ ಬಾಳಿನ ಕ್ರಮ. ಹೀಗಿರಲು, ಮುಂಜಾವಿನಿಂದ ಬೈಗಿನವರೆಗೆ ದುಡಿಯುವ ಸಣ್ಣ ಹಿಡುವಳಿಯ ರೈತನ ಮನೆಯಲ್ಲಿಯೇ ದಾಸೋಹಕ್ಕೆ ಕಾಳಿಲ್ಲದಿರುವುದೇಕೆ?

ಕೆಲವರು ಇದನ್ನು ಹಣೆಬರಹವೆನ್ನುವರು, ಕೆಲವರು ದುಂದುಗಾರಿಕೆಯೆನ್ನುವರು. ಕಾಯಕತತ್ತ್ವವನ್ನರಿತವರು ಹಾಗೆನ್ನಲಾಗದು. ದುಡಿದವನ ಕೈಗೆ ಫಲ ಸೇರದಿದ್ದರೆ, ಅದು ಯಾವ ದಾರಿಯಲ್ಲಿ ಸೋರಿತೆಂಬುದನ್ನು ವಿಚಾರಿಸಬೇಕು.

ಮೊದಲನೆಯದು ಭೂಮಿಯ ಅಲ್ಪತೆ. 2015-16ರ ಕೃಷಿಗಣತಿಯಂತೆ ಭಾರತದ ನೂರು ಹಿಡುವಳಿಗಳಲ್ಲಿ 86 ಹಿಡುವಳಿಗಳು 2 ಹೆಕ್ಟೇರಿಗಿಂತ, ಅಂದರೆ ಸುಮಾರು 5 ಎಕರೆಗಿಂತ, ಕಡಿಮೆಯವು. ತಲೆಮಾರಿಗೊಮ್ಮೆ ಹೊಲ ಹಿಸ್ಸೆಯಾಗುತ್ತದೆ. ಎತ್ತು, ಬಾವಿಗಳ ವೆಚ್ಚ ಹಿಸ್ಸೆಯಾಗುವುದಿಲ್ಲ. ಎರಡನೆಯದು ಮಳೆ. ಗದಗ, ಕೊಪ್ಪಳ, ವಿಜಯಪುರ ಸೀಮೆಗಳ ಒಣಬೇಸಾಯದಲ್ಲಿ ಒಂದು ಬರವು ಹಲವು ವರ್ಷಗಳ ಉಳಿತಾಯವನ್ನು ನುಂಗಿಬಿಡುತ್ತದೆ.

ಮೂರನೆಯದೇ ಗಹನವಾದುದು. ಬಿತ್ತುವ ಕಾಲಕ್ಕೆ ಬೀಜಗೊಬ್ಬರಗಳನ್ನು ಅಂಗಡಿಯಿಂದ ಉದ್ದರಿ ತರಬೇಕು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯೆಂಬುದು ಕೇಳಲು ಅಲ್ಪ. ವರ್ಷಕ್ಕೆ ಅದು 36 ರೂಪಾಯಿ. ರಾಶಿಯಾದೊಡನೆ ಸಾಲ ಕೊಟ್ಟವನಿಗೇ ಮಾಲು ಹಾಕಬೇಕು. ಎಲ್ಲರ ಮಾಲೂ ಪೇಟೆಗೆ ಬರುವ ಸುಗ್ಗಿಯಲ್ಲಿ ಧಾರಣೆ ಇಳಿದಿರುತ್ತದೆ. ಕೆಲವು ತಿಂಗಳು ಕಾದರೆ ಏರಬಹುದು. ಕಾಯುವ ಶಕ್ತಿ ಅವನಿಗಿಲ್ಲ. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿದ ಜೋಳವನ್ನೇ ಆಷಾಢದಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳುವನು. ಬೆಳೆಯು ಕಣಕ್ಕೆ ಬರುವ ಮುನ್ನವೇ ಪರಾಧೀನವಾಗಿರುತ್ತದೆ.

ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲವುಂಟಲ್ಲವೇ ಎನ್ನಬಹುದು. ಉಂಟು, ಆದರೆ ಪಹಣಿಯಲ್ಲಿ ಹೆಸರಿರಬೇಕು. ಪೌತಿಖಾತೆಯಾಗದೆ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದ ಹೊಲದವನಿಗೂ, ಬಾಯಿಮಾತಿನ ಲಾವಣಿಯ ಮೇಲೆ ಉಳುವವನಿಗೂ ಅದು ದುರ್ಲಭ.

ಹಾಗಾದರೆ ಸದ್ಭಕ್ತರ ಕರ್ತವ್ಯವೇನು? ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಆ ತಾಯಿಯ ಅಳತೆಯನ್ನು ನಮ್ಮ ತಕ್ಕಡಿಗೂ ಬಡ್ಡಿಯ ವಹಿಗೂ ಹಿಡಿಯಬೇಕು. ರೈತನ ಚೀಲದ ತೂಕದಲ್ಲಿ ಕಡಿತ ಮಾಡಿ, ಜಾತ್ರೆಗೆ ಹತ್ತು ಚೀಲ ಅಕ್ಕಿ ಕಳುಹಿಸಿದರೆ ಅದು ದಾಸೋಹವೆನಿಸದು.

ದಾರಿ ಹೊಸದಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಉಳ್ಳವರು ತಮ್ಮೂರಿನ ಸಂಘದಲ್ಲಿ ಠೇವಣಿಯಿಡಲಿ. ಉಗ್ರಾಣವಿದ್ದವರು ಸುಗ್ಗಿಯ ಮಾಲಿಗೆ ಎರಡು ಮೂರು ತಿಂಗಳು ಆಶ್ರಯ ನೀಡಲಿ. ಮಾಲನ್ನು ಅಡವಿಟ್ಟು ಸಾಲ ಪಡೆಯುವ ಸೌಲಭ್ಯವನ್ನು ಅರಿತವರು ಅರಿಯದವರಿಗೆ ತಿಳಿಸಲಿ. ಅಕ್ಷರಬಲ್ಲವರು ಪೌತಿಖಾತೆಯ ಅರ್ಜಿ ಬರೆದುಕೊಡಲಿ. ವರ್ತಕರು ಸರಿಯಾಗಿ ತೂಗಿ, ಅಂದೇ ಹಣವೆಣಿಸಲಿ.

ಇವು ಭಿಕ್ಷೆಯಲ್ಲ. ಭಿಕ್ಷೆ ಪಡೆದವನು ನಾಳೆಯೂ ಕೈಯೊಡ್ಡಬೇಕಾದೀತು. ಕಾಯಕದ ಫಲವು ಕಾಯಕದವನಿಗೇ ದಕ್ಕಿದರೆ, ಅವನು ತಾನೇ ದಾಸೋಹಿಯಾಗಿ ಜಂಗಮವನ್ನು ಮನೆಗೆ ಕರೆದಾನು.