ಆರು ನಿಮಿಷದ ನಡಿಗೆ

ನಮ್ಮ ಕಲಿಕಾ ಕೇಂದ್ರ ಶಾಲೆಯ ಮಹಡಿಯಲ್ಲಿದೆ. ಹತ್ತಲು 20 ಮೆಟ್ಟಿಲು. ನಮ್ಮ ಜೊತೆ ಕಲಿಯುತ್ತಿದ್ದ ಅಕ್ಕ ಒಬ್ಬರು ಬರುವುದನ್ನೇ ಬಿಟ್ಟರು. ನಾವು ಅವರ ಮನೆಗೆ ಹೋದೆವು.

“ಯಾಕಕ್ಕಾ, ಓದೋಕೆ ಬರ್ತಿಲ್ಲ?” ಎಂದು ಕೇಳಿದೆವು.

“ಮೆಟ್ಟಿಲು ಹತ್ತೋಕೆ ಆಗಲ್ಲ ಕಣ್ರೇ. ಏದುಸಿರು ಬರುತ್ತೆ. ನೋಡಿದವರು ನಗ್ತಾರೆ. ನನ್ನ ಗುಂಡಿಗೇನೇ ಕೆಟ್ಟಿದೆ ಅನ್ಸುತ್ತೆ” ಎಂದರು ಅಕ್ಕ.

ನಾವು ಅವರನ್ನು ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದೆವು. ನರ್ಸಮ್ಮ ತೂಕ ನೋಡಿದರು. 78 ಕಿಲೋ ಇತ್ತು. ಬಿ.ಪಿ. ನೋಡಿದರು. ರಕ್ತ ಕಡಿಮೆ ಇದ್ದರೂ ಏದುಸಿರು ಬರುತ್ತದೆ. ಅದಕ್ಕೆ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಆಮೇಲೆ ಡಾಕ್ಟರು ಎದೆ ಪರೀಕ್ಷೆ ಮಾಡಿದರು. “ಭಯ ಬೇಡ, ನಡೆಯಬಹುದು” ಎಂದರು.

“ತೂಕದ ಯಂತ್ರ ತೂಕ ಮಾತ್ರ ಹೇಳುತ್ತೆ ಅಕ್ಕಾ. ಉಸಿರಿನ ಬಲ ಹೇಳಲ್ಲ. ಅದನ್ನ ನಾವು ನಡೆದೇ ನೋಡೋಣ” ಎಂದರು ನರ್ಸಮ್ಮ.

ಉಸಿರಿನ ಬಲ ಎಂದರೇನು?

ನಡೆಯುವಾಗ ನಮ್ಮ ಕಾಲಿಗೆ ಆಮ್ಲಜನಕ ಬೇಕು. ಅದು ಗಾಳಿಯಲ್ಲಿ ಇದೆ. ಶ್ವಾಸಕೋಶ ಅದನ್ನು ಎಳೆದುಕೊಳ್ಳುತ್ತದೆ. ಹೃದಯ ಅದನ್ನು ರಕ್ತದ ಜೊತೆ ಮೈಗೆಲ್ಲ ಕಳಿಸುತ್ತದೆ. ಈ ಕೆಲಸ ಚೆನ್ನಾಗಿ ನಡೆದರೆ ನಾವು ಬೇಗ ಸುಸ್ತಾಗುವುದಿಲ್ಲ. ಇದೇ ಉಸಿರಿನ ಬಲ.

ದೊಡ್ಡ ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಇದನ್ನು ಅಳೆಯುತ್ತಾರೆ. ಸುಲಭದ ದಾರಿಯೂ ಒಂದಿದೆ. ಮೊದಲು ಡಾಕ್ಟರುಗಳು ರೋಗಿಗಳನ್ನು 12 ನಿಮಿಷ ನಡೆಸಿ ನೋಡುತ್ತಿದ್ದರು. 6 ನಿಮಿಷ ನಡೆಸಿದರೂ ಸಾಕು ಎಂದು ಬ್ರಿಟನ್ನಿನ ಡಾಕ್ಟರುಗಳು 1982ರಲ್ಲಿ ತೋರಿಸಿದರು. ಈಗ ಬಹಳ ದೇಶಗಳಲ್ಲಿ ಈ ಪರೀಕ್ಷೆ ಇದೆ. ಇದರಿಂದ ಸಿಗುವುದು ಅಂದಾಜು. ಆದರೆ ಒಳ್ಳೆಯ ಅಂದಾಜು.

ನಾವು ನಡೆದ ರೀತಿ

ಶಾಲೆಯ ಬಯಲಿನಲ್ಲಿ ಸಮನಾದ ಜಾಗ ನೋಡಿದೆವು. ಟೇಪು ಹಿಡಿದು 30 ಮೀಟರ್ ಅಳೆದೆವು. ಎರಡೂ ತುದಿಗೆ ಒಂದೊಂದು ಕಲ್ಲು ಇಟ್ಟೆವು. ಅಕ್ಕ ಮೊದಲು 10 ನಿಮಿಷ ಕೂತು ಸುಧಾರಿಸಿಕೊಂಡರು. ಸೀರೆ ಕಾಲಿಗೆ ತೊಡರದಂತೆ ಸರಿಮಾಡಿಕೊಂಡರು. ನರ್ಸಮ್ಮ ಗಡಿಯಾರ ಹಿಡಿದು ನಿಂತರು.

“ಓಡಬೇಡಿ. ಆದಷ್ಟೂ ಚುರುಕಾಗಿ ನಡೀರಿ. ಸುಸ್ತಾದ್ರೆ ನಿಲ್ಲಿ. ಆದ್ರೆ ಗಡಿಯಾರ ನಿಲ್ಲಲ್ಲ” ಎಂದರು.

ಅಕ್ಕ ಎರಡು ಸಲ ನಿಂತರು. 6 ನಿಮಿಷ ಮುಗಿದಾಗ 10 ಸಲ ಪೂರ್ತಿ ಜಾಗ ದಾಟಿದ್ದರು. ಮೇಲೆ 15 ಮೀಟರ್ ನಡೆದಿದ್ದರು. ನಾವು ಲೆಕ್ಕ ಹಾಕಿದೆವು.

30 × 10 = 300
300 + 15 = 315 ಮೀಟರ್

ಬೇರೆಯವರ ಜೊತೆ ಹೋಲಿಸಬೇಡಿ

ನಮ್ಮಲ್ಲಿ ಒಬ್ಬಳು ಸಣಕಲು ಹುಡುಗಿ ಇದ್ದಾಳೆ. ಅವಳು 500 ಮೀಟರ್ ನಡೆದಳು. ಅಕ್ಕನ ಮುಖ ಬಾಡಿತು. ಆಗ ನರ್ಸಮ್ಮ ಕೇಳಿದರು:

“ಒಂದು ಕೊಡದಲ್ಲಿ 15 ಲೀಟರ್ ನೀರು ಇದ್ರೆ ಭಾರ ಎಷ್ಟು?”

“ನೀರೇ 15 ಕಿಲೋ” ಎಂದೆವು.

“ಇವಳ ಸೊಂಟದ ಮೇಲೆ ಆ ಕೊಡ ಇಟ್ಟು ನಡೆಸಿ. ಆಗ 500 ಮೀಟರ್ ನಡೀತಾಳಾ? ಇಲ್ಲ. ಹಾಗಂತ ಅವಳ ಗುಂಡಿಗೆ ಕೆಟ್ಟಿದೆ ಅಂತೀರಾ? ಅಕ್ಕ ದಿನಾ ಅದಕ್ಕಿಂತ ದೊಡ್ಡ ಹೊರೆ ಹೊತ್ತು ನಡೀತಾರೆ.”

ನಮಗೆ ಅರ್ಥವಾಯಿತು. ದಪ್ಪ ಇರುವವರ ನಡಿಗೆಯನ್ನು ಸಣ್ಣ ಇರುವವರ ನಡಿಗೆಗೆ ಹೋಲಿಸಬಾರದು. ಅವರ ಇಂದಿನ ನಡಿಗೆಯನ್ನು ಅವರದೇ ಹಿಂದಿನ ನಡಿಗೆಗೆ ಹೋಲಿಸಬೇಕು.

ಮೂರು ತಿಂಗಳ ಮೇಲೆ

ಅಕ್ಕ ವಾರಕ್ಕೆ 5 ದಿನ ನಡೆಯತೊಡಗಿದರು. ಮೊದಲು ದಿನಕ್ಕೆ 10 ನಿಮಿಷ. ಆಮೇಲೆ ನಿಧಾನವಾಗಿ 30 ನಿಮಿಷ. ಎಷ್ಟು ಜೋರಾಗಿ ನಡೆಯಬೇಕು? ನಡೆಯುವಾಗ ಮಾತಾಡಲು ಆಗಬೇಕು. ಹಾಡು ಹೇಳಲು ಆಗಬಾರದು. ಅಷ್ಟು ಸಾಕು. ದಿನವೂ ಇಬ್ಬರು ಅವರ ಜೊತೆ ಹೋದೆವು.

ಮೂರು ತಿಂಗಳ ಮೇಲೆ ಮತ್ತೆ ಅದೇ ಬಯಲಿನಲ್ಲಿ ನಡೆದರು. ಈ ಸಲ ಒಮ್ಮೆಯೂ ನಿಲ್ಲಲಿಲ್ಲ. 369 ಮೀಟರ್ ಆಯಿತು! ತೂಕ ನೋಡಿದರೆ 77 ಕಿಲೋ. ಇಳಿದದ್ದು ಒಂದೇ ಕಿಲೋ.

“ತೂಕ ಇಳೀಲೇ ಇಲ್ವಲ್ಲಾ” ಎಂದರು ಅಕ್ಕ.

“ತೂಕ ನಿಧಾನಕ್ಕೆ ಇಳೀಲಿ. ಉಸಿರಿನ ಬಲ ಮೊದಲೇ ಬಂತಲ್ಲ! ತೂಕ ಇಳಿಯದಿದ್ರೂ ನಡೆದೋರ ಹೃದಯಕ್ಕೆ ಒಳ್ಳೇದೇ ಆಗುತ್ತೆ” ಎಂದರು ನರ್ಸಮ್ಮ.

ಈಗ ಅಕ್ಕ ಮೆಟ್ಟಿಲು ಹತ್ತಿ ಬರುತ್ತಾರೆ. ನಡುವೆ ಒಮ್ಮೆ ನಿಲ್ಲುತ್ತಾರೆ. ಯಾರೂ ನಗುವುದಿಲ್ಲ. ಅವರ ಪುಸ್ತಕದ ಮೊದಲ ಹಾಳೆಯಲ್ಲಿ ಎರಡು ಸಂಖ್ಯೆಗಳಿವೆ. 315, 369. ಅವರೇ ಕೈಯಾರೆ ಬರೆದದ್ದು.

ನೆನಪಿಡಿ

ಎದೆನೋವು ಇರುವವರು, ಕೂತಾಗಲೂ ಏದುಸಿರು ಬರುವವರು, ಬಿ.ಪಿ. ಬಹಳ ಇರುವವರು ಡಾಕ್ಟರನ್ನು ಕೇಳದೆ ಈ ಪರೀಕ್ಷೆ ಮಾಡಬಾರದು.

ನಡೆಯುವಾಗ ಎದೆ ನೋವು ಬಂದರೆ, ತಲೆ ಸುತ್ತಿದರೆ, ತಣ್ಣಗೆ ಬೆವರಿದರೆ ಕೂಡಲೇ ನಿಲ್ಲಿ. ಕುಳಿತುಕೊಳ್ಳಿ. ಜೊತೆಯವರನ್ನು ಕರೆಯಿರಿ. ತಡ ಮಾಡದೆ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ.

ಹೇಳಿ ನೋಡೋಣ

1. ಅಕ್ಕ ಕಲಿಯಲು ಬರುವುದನ್ನು ಯಾಕೆ ಬಿಟ್ಟರು?
2. ನಡೆಯುವ ಮೊದಲು ಯಾವ ಯಾವ ಪರೀಕ್ಷೆ ಮಾಡಿಸಿದರು?
3. ದಪ್ಪ ಇರುವವರನ್ನು ಸಣ್ಣ ಇರುವವರಿಗೆ ಯಾಕೆ ಹೋಲಿಸಬಾರದು?

ಲೆಕ್ಕ ಮಾಡಿ

1. ಅಕ್ಕ ಮೊದಲ ಸಲಕ್ಕಿಂತ ಎರಡನೇ ಸಲ ಎಷ್ಟು ಮೀಟರ್ ಹೆಚ್ಚು ನಡೆದರು?
2. 30 ಮೀಟರ್ ಜಾಗವನ್ನು 11 ಸಲ ದಾಟಿದರೆ ಒಟ್ಟು ಎಷ್ಟು ಮೀಟರ್?