ಕೃಷ್ಣಾತೀರದ ಕುಡಚಿ: ಊಟ ಮತ್ತು ನುಡಿಯ ಕೊಡುಕೊಳೆ

ಗಡಿನಾಡಿನ ಅಧ್ಯಯನವೆಂದರೆ ಭಾಷಾವ್ಯಾಜ್ಯದ ಅಧ್ಯಯನವೆಂಬ ಗ್ರಹಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬೆಳಗಾವಿ ಜಿಲ್ಲೆ ರಾಯಬಾಗ ತಾಲೂಕಿನ ಕುಡಚಿಯು ಈ ಗ್ರಹಿಕೆಯ ಮರುಪರಿಶೀಲನೆಗೆ ಒತ್ತಾಯಿಸುತ್ತದೆ.

ಕೃಷ್ಣೆಯ ದಂಡೆಯ ಈ ಪಟ್ಟಣವಿರುವುದು ಸವದತ್ತಿಯ ರಟ್ಟರು ಆಳಿದ ಕೂಂಡಿ ಮೂರುಸಾಸಿರದ ಪರಿಸರದಲ್ಲಿ. ನೆರೆಯ ರಾಯಬಾಗವೇ ಶಾಸನಗಳ ‘ಹೂವಿನ ಬಾಗೆ’. ಮುಂದೆ ಆದಿಲಶಾಹಿ, ಮರಾಠಾ, ಬ್ರಿಟಿಷ್ ಆಳ್ವಿಕೆಗಳು ಈ ಸೀಮೆಯನ್ನು ಹಾದುಹೋದವು; 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ, ಮರಾಠಿ, ಉರ್ದು ಮೂರೂ ಇಲ್ಲಿಯ ಸಂತೆಯ ನುಡಿಗಳು. ಮಾಸಾಹೇಬಾ ದರ್ಗಾ ಹಾಗೂ ಮೀರಜ-ಬೆಳಗಾವಿ ರೈಲುಮಾರ್ಗಗಳು ಈ ಬೆರಕೆಯನ್ನು ಪೋಷಿಸಿವೆ.

ಊಟದ ಶಬ್ದಗಳು ಇದಕ್ಕೆ ಉತ್ತಮ ಸಾಕ್ಷಿ. ತಟ್ಟಿ ಬೇಯಿಸಿದ ಜೋಳದ ಹಿಟ್ಟು ಕನ್ನಡಿಗರಿಗೆ ರೊಟ್ಟಿ, ಮರಾಠಿಗರಿಗೆ ಭಾಕರಿ. ಅದರೊಡನೆ ಬರುವ ಝುಣಕ ಇಬ್ಬರಿಗೂ ಝುಣಕವೇ. ಕನ್ನಡದ ತುಪ್ಪ ಮರಾಠಿಯಲ್ಲಿ ‘ತೂಪ’, ಅಡಕೊತ್ತು ‘ಅಡಕಿತ್ತಾ’. ಶಂ.ಬಾ. ಜೋಶಿಯವರು ಮಹಾರಾಷ್ಟ್ರದುದ್ದಕ್ಕೂ ಅರಸಿದ ಕನ್ನಡದ ನೆಲೆಗಳು ಇಲ್ಲಿ ಒಂದೇ ತಾಟಿನಲ್ಲಿ ದೊರೆಯುತ್ತವೆ. ಆದ್ದರಿಂದ ಕೊಡುಕೊಳೆಯನ್ನು ‘ಪ್ರಭಾವ’ವೆಂಬ ಏಕಮುಖ ಪದದಿಂದ ವಿವರಿಸಲಾಗದು.

ಸಾಕಿದ ನದಿಯೇ ಚದುರಿಸುವುದೂ ಉಂಟು. 2005, 2019 ಹಾಗೂ 2021ರ ಮಹಾಪೂರಗಳು ಕೃಷ್ಣಾತೀರದ ಜನರನ್ನು ಮನೆ ತೊರೆಯುವಂತೆ ಮಾಡಿದವು. ಓಣಿ ಚದುರಿದರೆ ಅಲ್ಲಿಯ ನುಡಿಯೂ ಚದುರುತ್ತದೆ. ಬೆಳೆ, ಅಡುಗೆ, ಹೊಳೆಗಳಿಗೆ ಸಂಬಂಧಿಸಿದ ಈ ತೀರದ ಶಬ್ದಸಂಪತ್ತನ್ನು ಮೂರೂ ಭಾಷಿಕರಿಂದ ಒಟ್ಟಾಗಿ ಸಂಗ್ರಹಿಸುವುದು ಕನ್ನಡ ವಿಭಾಗಗಳ ತುರ್ತು ಕರ್ತವ್ಯವಾಗಿದೆ.